ಮನೆಗೆ ಹೆಸರಿರಲಿ

ನಮ್ಮ ಮಲೆನಾಡಿನ ಕಡೆ ಮನೆಗಳಿಗೆ ನಂಬರು ಇರುವುದು ಪಂಚಾಯಿತಿಯ ದಫ್ತರದಲ್ಲಿ. ಜನರ ಬಾಯಲ್ಲಿ ಇರುವುದು ಹೆಸರು. ಮೇಲಿನಮನೆ, ಕೆರೆಕೋಡಿ, ಹಲಸಿನಮರದ ಮನೆ ಎಂದರೆ ಟಪಾಲಿನವರಿಗೂ ಗೊತ್ತು, ಹಾಲಿನವರಿಗೂ ಗೊತ್ತು. ಮೊದಲ ಸಲ ಊರಿಗೆ ಬಂದ ನೆಂಟರಿಗೆ ಬಸ್ಸಿನ ಕಂಡಕ್ಟರೇ ದಾರಿ ತೋರಿಸಿಯಾನು. ನಾನು ಬಲ್ಲ ಮಟ್ಟಿಗೆ ಪಂಚಾಯಿತಿಯವರು ನಮ್ಮ ಮನೆಯ ನಂಬರನ್ನು ಎರಡು ಸಲ ಬದಲಾಯಿಸಿದ್ದಾರೆ. ಅದರಿಂದ ಒಬ್ಬ ನೆಂಟನೂ ದಾರಿ ತಪ್ಪಿದ್ದಿಲ್ಲ. ಇಷ್ಟು ಸಾಧಾರಣವಾದ ಸಂಗತಿಯನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಬೇಕೇ ಎಂದು ವಾಚಕರು ಕೇಳಬಹುದು. ಈ ಸಾಧಾರಣ ಸಂಗತಿಯನ್ನು ಮರೆತದ್ದರಿಂದಲೇ ಕಳೆದ ಮಳೆಗಾಲದಲ್ಲಿ ನಾನು ನನ್ನ ಮನೆಯನ್ನೇ ಹುಡುಕಲಾರದೆ ಹೋದೆ. ಆದ್ದರಿಂದ ಬರೆಯುತ್ತಿದ್ದೇನೆ.

ಸಂಗತಿ ಹೀಗೆ. ನಮ್ಮ ತಂದೆಯವರಿಗೆ ಹರೆಯದಲ್ಲಿ ಟೇಪ್ ರಿಕಾರ್ಡರಿನ ಹುಚ್ಚು ಇತ್ತಂತೆ. ಅಜ್ಜಿ ಹಾಡಿದ ಹಸೆಯ ಹಾಡು, ಬೀಸುವ ಹಾಡು, ಆರತಿಯ ಹಾಡು, ಜೋಗುಳ ಎಲ್ಲವನ್ನೂ ಅವರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಹಾಡಿನ ಹಿಂದೆ ಕೊಟ್ಟಿಗೆಯ ದನದ ಗಂಟೆಯೂ ಅಡಿಗೆಮನೆಯ ಪಾತ್ರೆಯ ಸದ್ದೂ ಕೇಳುತ್ತವೆ. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರು ಹೋದಮೇಲೆ ಅಟ್ಟ ಹತ್ತಿ ನೋಡಿದರೆ ಇಪ್ಪತ್ತಮೂರು ಕ್ಯಾಸೆಟ್ಟುಗಳಿದ್ದುವು. ಅವುಗಳಲ್ಲಿ ಐದಕ್ಕೆ ಬೂಷ್ಟು ಹಿಡಿದಿತ್ತು. ಉಳಿದ ಹದಿನೆಂಟನ್ನು ನಾನು ಎರಡು ಬೇಸಗೆಯ ರಜೆಗಳಲ್ಲಿ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟನ್ನು ಇಳಿಸಲು ತೊಂಬತ್ತು ನಿಮಿಷವೇ ಬೇಕು, ಅದಕ್ಕೆ ಅಡ್ಡದಾರಿಯಿಲ್ಲ.

ಇಳಿಸಿದ ಹಾಡುಗಳನ್ನು ಇಡಲು ಮನೆಯಲ್ಲಿ ಒಂದು ಮೀಡಿಯಾ ಸರ್ವರ್ ಮಾಡಿದೆ. ಹೆಸರು ದೊಡ್ಡದು, ವಸ್ತು ಚಿಕ್ಕದು. ಸೋದರಮಾವನವರ ಅಂಗಡಿಯಲ್ಲಿ ಮೂಲೆ ಸೇರಿದ್ದ ಒಂದು ಹಳೆಯ ಲ್ಯಾಪ್‌ಟಾಪು, ಅದರೊಳಗೆ ಲಿನಕ್ಸ್, ಅದರ ಮೇಲೆ ಜೆಲ್ಲಿಫಿನ್ ಎಂಬ ತಂತ್ರಾಂಶ. ಇದು ೨೦೧೮ರ ಡಿಸೆಂಬರಿನಲ್ಲಿ ಎಂಬಿ ಎಂಬ ಇನ್ನೊಂದು ತಂತ್ರಾಂಶದಿಂದ ಕವಲೊಡೆದು ಬಂದದ್ದು. ಇದರ ಮೂಲಪಾಠ ಎಲ್ಲರಿಗೂ ತೆರೆದದ್ದು, ಬಾಡಿಗೆಯಿಲ್ಲ. ಹಾಡು, ಚಿತ್ರ, ಸಿನಿಮಾಗಳನ್ನು ಅದು ಪಟ್ಟಿಮಾಡಿ ಜೋಡಿಸಿಟ್ಟುಕೊಂಡು, ಕೇಳಿದವರ ಮೊಬೈಲಿಗೂ ಟೆಲಿವಿಷನ್ನಿಗೂ ಕಳುಹಿಸುತ್ತದೆ. ಮನೆಯವರೆಗೆ ಫೈಬರ್ ತಂತಿ ಬಂದಿತ್ತು. ರೂಟರಿನಲ್ಲಿ ಒಂದು ಬಾಗಿಲು, ಎಂದರೆ ಪೋರ್ಟು, ತೆರೆದು, ಹೊರಗಿನವರಿಗೆ ಕಾಣುವ ನಮ್ಮ ಮನೆಯ ಐ.ಪಿ. ವಿಳಾಸವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಹಾಸ್ಟೆಲಿಗೆ ಬಂದೆ. ನಾಲ್ಕು ಗುಂಪಿನ ಆ ಅಂಕಿಯನ್ನು ಮೊಬೈಲಿನಲ್ಲಿ ಒತ್ತಿದರೆ ಅಜ್ಜಿಯ ದನಿ ಕೇಳುತ್ತಿತ್ತು. ಪುಣೆಯಲ್ಲಿರುವ ಅಕ್ಕನಿಗೂ ಅದೇ ಅಂಕಿಯನ್ನು ಬರೆದು ಕಳುಹಿಸಿದೆ. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು.

ಮಳೆಗಾಲದ ನಡುವೆ ಅಕ್ಕನಿಗೆ ಹೆಣ್ಣುಮಗುವಾಯಿತು. ತಂದೆಯವರು ಕಾಲು ಮುರಿದುಕೊಂಡು ಮಲಗಿದ್ದರಿಂದ ತಾಯಿ ಪುಣೆಗೆ ಹೋಗುವಂತಿರಲಿಲ್ಲ. "ನೀವು ಬರದಿದ್ದರೆ ಅಜ್ಜಿಯಾದರೂ ಬರಲಿ, ತೊಟ್ಟಿಲಿಗೆ ಹಾಕುವಾಗ ಅಜ್ಜಿಯ ಜೋಗುಳವನ್ನೇ ಹಾಕೋಣ" ಎಂದಳು ಅಕ್ಕ. ಆ ದಿನ ಬೆಳಿಗ್ಗೆ ಅವಳು ಅಂಕಿಯನ್ನು ಒತ್ತಿದರೆ ಏನೂ ತೆರೆಯಲಿಲ್ಲ. ನಾನು ಹಾಸ್ಟೆಲಿನಲ್ಲಿ ಒತ್ತಿ ನೋಡಿದೆ, ಅದೇ ಫಲ. ಮನೆಗೆ ಫೋನು ಮಾಡಿದರೆ, ಹಿಂದಿನ ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿ ಬೆಳಗಿನ ಜಾವ ಬಂದಿತೆಂದು ತಿಳಿಯಿತು. ಆದರೆ ಸರ್ವರು ಕೆಟ್ಟಿರಲಿಲ್ಲ. ತಾಯಿ ಮನೆಯ ಟೆಲಿವಿಷನ್ನಿನಲ್ಲಿ ಹಾಕಿದರೆ ಹಾಡು ಸ್ವಚ್ಛವಾಗಿ ಬರುತ್ತಿತ್ತು. ಹಾಗಾದರೆ ಬದಲಾದದ್ದು ವಿಳಾಸವೇ ಇರಬೇಕೆಂದು, "ಅಮ್ಮಾ, ರೂಟರಿನ ಮೇಲಿರುವ ಅಂಕಿಯನ್ನು ಓದಿ" ಎಂದೆ. ಅವರು ಕನ್ನಡಕ ಹಾಕಿಕೊಂಡು, ಪೆಟ್ಟಿಗೆಯನ್ನು ತಿರುವಿ, ಬಲು ಶ್ರದ್ಧೆಯಿಂದ ಓದಿದರು: ೧೯೨, ೧೬೮, ೧, ೧. ಅದು ನನಗೆ ಬೇಕಾದ ಅಂಕಿಯಲ್ಲ. ಲೋಕದ ಅಸಂಖ್ಯಾತ ಮನೆಗಳ ರೂಟರುಗಳ ತಳದಲ್ಲಿ ಅದೇ ಅಂಕಿಯನ್ನು ಅಂಟಿಸಿರುತ್ತಾರೆ. ಬೇಕಾದ ಅಂಕಿಯನ್ನು ಹುಡುಕುವ ಬಗೆಯನ್ನು ಫೋನಿನಲ್ಲಿ ವಿವರಿಸಲು ನನ್ನಿಂದಾಗಲಿಲ್ಲ; ಹಾಡಿನ ಕಡತವನ್ನು ಕಳುಹಿಸುವುದು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಟೆಲಿವಿಷನ್ನಿನ ಮುಂದೆ ಫೋನು ಹಿಡಿದರು. ಅಜ್ಜಿಯ ದನಿ ಬಾವಿಯೊಳಗಿನಿಂದ ಬಂದಂತೆ ಬಂತಂತೆ. ಹೊತ್ತು ಮೀರುತ್ತಿತ್ತು. ತಾಯಿ ಟೆಲಿವಿಷನ್ ಆರಿಸಿ ಆ ಜೋಗುಳವನ್ನು ತಾವೇ ಹಾಡಿದರು. ಎರಡು ನುಡಿ ಆದಮೇಲೆ ಮುಂದಿನದು ನೆನಪಾಗಲಿಲ್ಲ. ಮಗುವನ್ನು ಅಷ್ಟರಲ್ಲಿಯೇ ತೊಟ್ಟಿಲಿಗೆ ಹಾಕಿದರು.

ಯಾರಿಗೂ ಅಂಥ ನಷ್ಟವೇನೂ ಆಗಲಿಲ್ಲ. ಮಗು ನಿದ್ದೆ ಮಾಡಿತಂತೆ. ಆದರೆ ಉಳಿದ ನುಡಿಗಳು ಈಗ ನಮ್ಮ ಮನೆಯಲ್ಲಿ ಯಾರ ಬಾಯಲ್ಲಿಯೂ ಇಲ್ಲ, ಆ ಯಂತ್ರದಲ್ಲಿ ಮಾತ್ರ ಇವೆ ಎಂಬುದು ನನಗೆ ಅಂದು ಮನಸ್ಸಿಗೆ ನಾಟಿತು.

ಮೊದಲು ನಾನು ಇದು ಇಂಟರ್ನೆಟ್ ಕೊಟ್ಟವರ ಕುಚೇಷ್ಟೆಯೆಂದೇ ತಿಳಿದಿದ್ದೆ. ಓದಿ ವಿಚಾರಿಸಿದಮೇಲೆ ಮೂಲ ಬೇರೆಡೆ ಇದೆಯೆಂದು ಕಂಡಿತು. ಈಗಲೂ ಬಹುವಾಗಿ ಬಳಕೆಯಲ್ಲಿರುವ ಐ.ಪಿ. ನಾಲ್ಕನೆಯ ಆವೃತ್ತಿಯ ನಿಯಮಗಳು ಅಚ್ಚಾದದ್ದು ೧೯೮೧ರಲ್ಲಿ. ಅದರಲ್ಲಿ ವಿಳಾಸಕ್ಕೆ ೩೨ ಬಿಟ್ಟುಗಳ ಜಾಗ. ಆದ್ದರಿಂದ ಆಗಬಹುದಾದ ವಿಳಾಸಗಳು ಒಟ್ಟು ೪೨೯ ಕೋಟಿ ೪೯ ಲಕ್ಷ ೬೭ ಸಾವಿರದ ೨೯೬. ಕೆಲವು ವಿದ್ಯಾಲಯಗಳೂ ಸೈನ್ಯದ ಕಚೇರಿಗಳೂ ಮಾತ್ರ ಬಳಸುತ್ತಿದ್ದ ಜಾಲಕ್ಕೆ ಇದು ಸಮುದ್ರದಂತೆ ತೋರಿರಬೇಕು. ಲೋಕದ ಜನಸಂಖ್ಯೆ ೨೦೨೨ರಲ್ಲಿ ೮೦೦ ಕೋಟಿ ಮುಟ್ಟಿತು. ಒಬ್ಬೊಬ್ಬರ ಬಳಿ ಎರಡು ಮೂರು ಯಂತ್ರಗಳು. ಹಂಚುವವರ ಕಣಜ ೨೦೧೧ರ ಫೆಬ್ರವರಿ ೩ರಂದು ಬರಿದಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ಪಾಲೂ ಕೊನೆಯ ಮೀಸಲಿಗೆ ಬಂದು ನಿಂತಿತು.

ಕೋಣೆಗಳು ಕಡಮೆ, ಯಾತ್ರಿಕರು ಹೆಚ್ಚು ಎಂದಾದರೆ ಛತ್ರದವರು ಏನು ಮಾಡುತ್ತಾರೆ? ಕೋಣೆಯನ್ನು ಯಾರ ಹೆಸರಿಗೂ ಬರೆದುಕೊಡುವುದಿಲ್ಲ. ಗಡುವಿನ ಮೇಲೆ ಕೊಡುತ್ತಾರೆ. ಬಿಟ್ಟುಹೋದವನು ಮತ್ತೆ ಬಂದಾಗ ಖಾಲಿಯಿದ್ದ ಇನ್ನೊಂದನ್ನು ತೋರಿಸುತ್ತಾರೆ. ಇಂಟರ್ನೆಟ್ ಕೊಡುವವರು ವಿಳಾಸವನ್ನು ಕೊಡುವುದೂ ಹೀಗೆಯೇ. ಗಡುವಿನ ಮೇಲೆ ವಿಳಾಸ ಹಂಚುವ ಡಿ.ಎಚ್.ಸಿ.ಪಿ. ಎಂಬ ಕ್ರಮ ೧೯೯೩ರಲ್ಲಿ ಬಂತು. ಅದರ ಭಾಷೆಯಲ್ಲಿಯೇ ಆ ಗಡುವಿಗೆ ಗುತ್ತಿಗೆ ಎಂಬರ್ಥದ ಹೆಸರಿದೆ. ಕರೆಂಟು ಹೋಗಿ ರೂಟರು ಮತ್ತೆ ಎದ್ದಾಗ ಹಳೆಯ ವಿಳಾಸವೇ ಸಿಕ್ಕರೆ ಅದು ಅದೃಷ್ಟ, ಸಿಗದಿದ್ದರೆ ದೂರುವಂತಿಲ್ಲ.

ತಾಯಿ ಓದಿದ ಅಂಕಿಯ ಕಥೆಯೂ ಇದೇ ಬಡತನದಿಂದ ಹುಟ್ಟಿದ್ದು. ಮನೆಯೊಳಗಿನ ಯಂತ್ರಗಳಿಗೆಲ್ಲ ಹೊರಗಿನ ವಿಳಾಸ ಕೊಡಲಾಗದೆ, ಒಳಗಿನ ಬಳಕೆಗೆಂದೇ ಕೆಲವು ಅಂಕಿಗಳನ್ನು ಬೇರ್ಪಡಿಸಿಟ್ಟರು, ೧೯೨.೧೬೮ ಎಂದು ಆರಂಭವಾಗುವವು ಅಂಥವು. ಇವು ಮನೆಯೊಳಗೆ ಕರೆಯುವ ಮುದ್ದಿನ ಹೆಸರುಗಳಿದ್ದಂತೆ. ನಮ್ಮ ಮನೆಯಲ್ಲಿಯೂ ಪುಟ್ಟ ಇದ್ದಾನೆ, ನಿಮ್ಮ ಮನೆಯಲ್ಲಿಯೂ ಪುಟ್ಟ ಇದ್ದಾನೆ. ಮನೆಯೊಳಗೆ ಕರೆದರೆ ಗೊಂದಲವಿಲ್ಲ. ಪೇಟೆಯಲ್ಲಿ ನಿಂತು "ಪುಟ್ಟಾ" ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡಿಯಾರು. ಒಳಗಿನ ಪುಟ್ಟನಿಗೂ ಹೊರಗಿನ ಲೋಕಕ್ಕೂ ನಡುವೆ ನಿಂತು ಕಾಗದಗಳನ್ನು ಅದಲುಬದಲು ಮಾಡುವ ಕೆಲಸ ರೂಟರಿನದು.

ಹಾಗಾದರೆ ಪರಿಹಾರವೇನು? ಮಾಸಿಕ ಶುಲ್ಕ ತೆತ್ತು ಬದಲಾಗದ ವಿಳಾಸವನ್ನು ಪಡೆಯುವುದು ಒಂದು. ಎಲ್ಲ ಊರುಗಳಲ್ಲಿಯೂ ಮನೆಯ ಬಳಕೆದಾರರಿಗೆ ಅದನ್ನು ಕೊಡುವುದಿಲ್ಲ. ಕೊಟ್ಟರೂ ವಿದ್ಯಾರ್ಥಿಯ ಕೈಗೆ ಅದು ಭಾರ. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಅಂಕಿ ಕೊಟ್ಟವರದೇ ಸ್ವತ್ತು. ನಾಳೆ ಸಂಪರ್ಕವನ್ನು ಬೇರೆಯವರಿಂದ ಪಡೆದರೆ ಹಳೆಯ ಅಂಕಿಯನ್ನು ಅಲ್ಲಿಯೇ ಬಿಟ್ಟು ಬರಬೇಕು. ಆದ್ದರಿಂದ ಅಂಕಿಯನ್ನು ಹಿಡಿದು ನಿಲ್ಲಿಸುವ ಪ್ರಯತ್ನವೇ ತಪ್ಪು ದಿಕ್ಕಿನದೆಂದು ನನಗೆ ತೋರುತ್ತದೆ. ಹಿಡಿಯಬೇಕಾದ್ದು ಹೆಸರನ್ನು.

ಜಾಲದ ಹಿರಿಯರು ಈ ಮಾತನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಆರಂಭದ ದಿನಗಳಲ್ಲಿ ಯಾವ ಹೆಸರಿನ ಯಂತ್ರಕ್ಕೆ ಯಾವ ಅಂಕಿ ಎಂಬ ಒಂದೇ ಪಟ್ಟಿ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಎಂಬ ಮಹಿಳೆಯ ಮುಂದಾಳತನದ ಒಂದು ಚಿಕ್ಕ ತಂಡ ಅದನ್ನು ಕಾಪಾಡುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಒಂದೇ ಪಟ್ಟಿ ಸಾಲದಾಯಿತು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಡಿ.ಎನ್.ಎಸ್. ಎಂಬ ವ್ಯವಸ್ಥೆಯನ್ನು ರೂಪಿಸಿದರು. ಒಂದೊಂದು ಹೆಸರಿನ ಪಾಲನ್ನು ಅದರದರ ಒಡೆಯನೇ ನೋಡಿಕೊಳ್ಳುವ, ಕೇಳಿದವರಿಗೆ ಹೆಸರಿನಿಂದ ಅಂಕಿಯನ್ನು ತಿಳಿಸುವ ವ್ಯವಸ್ಥೆ ಅದು. ನಮ್ಮ ಅಂಚೆಯಲ್ಲಿಯೂ ೧೯೭೨ರ ಆಗಸ್ಟ್ ೧೫ರಂದು ಆರಂಕಿಯ ಪಿನ್ ಕೋಡ್ ಬಂತಷ್ಟೆ. ಬಂದಿತೆಂದು ಯಾರೂ ಮನೆಯ ಹೆಸರನ್ನು ಬಿಡಲಿಲ್ಲ. ಅಂಕಿ ಇರುವುದು ಸಾಗಿಸುವವರ ಅನುಕೂಲಕ್ಕೆ, ಹೆಸರು ಇರುವುದು ಹುಡುಕುವವರ ಅನುಕೂಲಕ್ಕೆ.

ಆದರೆ ದಿನದಿನ ಅಂಕಿ ಬದಲಾಗುವ ಮನೆಗೆ ಹೆಸರಿಟ್ಟು ಏನು ಪ್ರಯೋಜನ? ಇಲ್ಲಿಯೇ ಡೈನಮಿಕ್ ಡಿ.ಎನ್.ಎಸ್. ಎಂಬ ಉಪಾಯ ನೆರವಿಗೆ ಬರುತ್ತದೆ. ನಾವು ಮನೆ ಬದಲಾಯಿಸಿದಾಗ ಪೋಸ್ಟುಮಾಸ್ತರರಿಗೆ ಒಂದು ಚೀಟಿ ಕೊಟ್ಟು, ಇನ್ನು ಮುಂದೆ ಕಾಗದಗಳನ್ನು ಇಂಥಲ್ಲಿಗೆ ಕಳುಹಿಸಿ ಎಂದು ಹೇಳುವುದಿಲ್ಲವೇ? ಮನೆಯ ಸರ್ವರಿನಲ್ಲಿ ಒಂದು ಪುಟ್ಟ ಕಾರ್ಯಕ್ರಮ ಐದೈದು ನಿಮಿಷಕ್ಕೊಮ್ಮೆ ಹೊರಗಿನವರನ್ನು "ನನ್ನ ವಿಳಾಸ ಈಗ ಏನು ಕಾಣುತ್ತದೆ?" ಎಂದು ಕೇಳುತ್ತದೆ, ಬದಲಾಗಿದ್ದರೆ ಹೆಸರಿನ ದಾಖಲೆಯನ್ನು ತಾನೇ ತಿದ್ದಿಸುತ್ತದೆ. ಹುಡುಕುವವರು ಹೆಸರನ್ನು ಒತ್ತಿದರೆ ಸಾಕು. ಇದರಲ್ಲಿ ನಾನು ಎಡವಿ ಕಲಿತ ಮೂರು ಮಾತುಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು, ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದೆಂಬ ಗಡುವು ಪ್ರತಿಯೊಂದು ಹೆಸರಿಗೂ ಉಂಟು. ಅದನ್ನು ಒಂದು ದಿನವೆಂದು ಬರೆದರೆ ಅಂಕಿ ಬದಲಾದ ಮೇಲೂ ಒಂದು ದಿನ ಜನರು ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತಾರೆ. ನಮ್ಮಂಥ ಮನೆಗೆ ಅದು ೬೦ ಸೆಕೆಂಡಿನಿಂದ ೩೦೦ ಸೆಕೆಂಡಿನೊಳಗೆ ಇರಬೇಕು. ಎರಡನೆಯದು, ಮನೆಯೊಳಗಿನ ಪುಟ್ಟನ ಹೆಸರೂ ಬದಲಾಗಬಾರದು. ರೂಟರಿನಲ್ಲಿ ಸರ್ವರಿಗೆ ಒಂದು ಒಳ ಅಂಕಿಯನ್ನು ಕಾದಿರಿಸಬೇಕು. ಇಲ್ಲವಾದರೆ ಹೊರಗಿನಿಂದ ಬಂದ ನೆಂಟನನ್ನು ರೂಟರು ಟೆಲಿವಿಷನ್ನಿನ ಬಳಿಗೋ ಪ್ರಿಂಟರಿನ ಬಳಿಗೋ ಕರೆದೊಯ್ದೀತು. ಮೂರನೆಯದು, ಮನೆಯೊಳಗೆ ಕುಳಿತು ಹೊರಗಿನ ಹೆಸರನ್ನು ಪರೀಕ್ಷಿಸಬಾರದು. ಎಷ್ಟೋ ರೂಟರುಗಳು ತಮ್ಮ ಮನೆಯ ಬಾಗಿಲನ್ನು ಒಳಗಿನವರೇ ಹೊರಗಿನಿಂದೆಂಬಂತೆ ತಟ್ಟಿದರೆ ಓಗೊಡುವುದಿಲ್ಲ. ವೈಫೈ ಆರಿಸಿ, ಮೊಬೈಲಿನ ಸಂಪರ್ಕದಿಂದಲೇ ಒತ್ತಿ ನೋಡಬೇಕು. ಇದು ತಿಳಿಯದೆ ನಾನು ಒಂದು ಭಾನುವಾರವನ್ನೆಲ್ಲ ಕಳೆದೆ.

ಹೆಸರನ್ನು ಎಲ್ಲಿಂದ ಪಡೆಯಬೇಕು? ಉಚಿತವಾಗಿ ಕೊಡುವವರುಂಟು, ಡಕ್ ಡಿ.ಎನ್.ಎಸ್. ಅಂಥದೊಂದು. ಕಲಿಯುವವರಿಗೆ ಅದು ಒಳ್ಳೆಯದೇ. ಆದರೆ ಉಚಿತದ ಹೆಸರು ದಾನಿಯ ಮನೆಯ ಜಗಲಿ. ಡೈನ್ ಎಂಬ ಸಂಸ್ಥೆ ಬಹುಕಾಲ ಉಚಿತವಾಗಿ ಇಂಥ ಹೆಸರುಗಳನ್ನು ಕೊಡುತ್ತಿದ್ದು, ೨೦೧೪ರ ಮೇ ತಿಂಗಳಲ್ಲಿ ಆ ಸೇವೆಯನ್ನು ನಿಲ್ಲಿಸಿತು. ಅದನ್ನು ತಪ್ಪೆನ್ನಲಾಗದು, ಜಗಲಿ ಅವರದು. ಸ್ವಂತ ಹೆಸರನ್ನು ಕೊಳ್ಳಲು ವರ್ಷಕ್ಕೆ ಕೆಲವು ನೂರು ರೂಪಾಯಿಗಳು ಸಾಕು. ಭಾರತದ ಪಾಲಿನ .ಇನ್ ಹೆಸರುಗಳ ದಾಖಲೆಯನ್ನು ನಿಕ್ಸಿ ಎಂಬ ನಮ್ಮ ದೇಶದ ಸಂಸ್ಥೆಯೇ ನೋಡಿಕೊಳ್ಳುತ್ತದೆ. ಕನ್ನಡ ಲಿಪಿಯಲ್ಲಿಯೇ .ಭಾರತ ಎಂದು ಮುಗಿಯುವ ಹೆಸರುಗಳಿಗೂ ಈಗ ಅವಕಾಶವಿದೆ. ನಾನೂ ಅಕ್ಕನೂ ಪಾಲು ಹಾಕಿ ನಮ್ಮ ಮನೆಯ ಹೆಸರಿನಲ್ಲಿಯೇ ಒಂದನ್ನು ಕೊಂಡೆವು.

ಎಲ್ಲರಿಗೂ ಇಷ್ಟರಿಂದಲೇ ಕೆಲಸವಾಗುವುದಿಲ್ಲವೆಂಬುದನ್ನು ಮುಚ್ಚಿಡಬಾರದು. ನನ್ನ ಕೋಣೆಯ ಗೆಳೆಯನೊಬ್ಬನು ಹೆಸರನ್ನೂ ಪಡೆದ, ಬಾಗಿಲನ್ನೂ ತೆರೆದ; ಆದರೂ ಅವನ ಮನೆ ಕಾಣಿಸಲಿಲ್ಲ. ಕಾರಣ, ಅವನ ಊರಿನಲ್ಲಿ ಸಂಪರ್ಕ ಕೊಟ್ಟವರು ಒಂದೇ ಹೊರ ವಿಳಾಸದ ಹಿಂದೆ ಅನೇಕ ಮನೆಗಳನ್ನು ಕೂಡಿಸಿದ್ದರು. ವಿಳಾಸಗಳ ಬರದಿಂದ ಬಂದ ಈ ಪದ್ಧತಿಗೆಂದೇ ೨೦೧೨ರಲ್ಲಿ ೧೦೦.೬೪ರಿಂದ ೧೦೦.೧೨೭ರವರೆಗಿನ ಅಂಕಿಗಳನ್ನು ಮೀಸಲಿಟ್ಟಿದ್ದಾರೆ. ಇದು ವಠಾರದ ಸಂಸಾರ. ಬೀದಿಯ ಬಾಗಿಲು ವಠಾರದ ಯಜಮಾನನದು. ನಮ್ಮ ಕೋಣೆಯ ಬಾಗಿಲನ್ನು ಎಷ್ಟು ತೆರೆದರೂ ಬೀದಿಯವನಿಗೆ ಕಾಣದು. ಪರೀಕ್ಷೆ ಸುಲಭ: ರೂಟರಿನ ಪುಟದಲ್ಲಿ ಹೊರ ವಿಳಾಸವೆಂದು ತೋರುವ ಅಂಕಿಯೂ ಹೊರಗಿನವರಿಗೆ ಕಾಣುವ ಅಂಕಿಯೂ ಬೇರೆ ಬೇರೆಯಾಗಿದ್ದರೆ ನೀವು ವಠಾರದಲ್ಲಿದ್ದೀರಿ.

ವಠಾರದವನು ಹೊರಗಿನಿಂದ ಯಾರನ್ನೂ ಬರಮಾಡಿಕೊಳ್ಳಲಾರ. ಆದರೆ ತಾನು ಹೊರಗೆ ಹೋಗಬಲ್ಲ. ಈ ಒಂದು ಸಂದಿಯಲ್ಲಿ ನಾವು ದಾರಿ ಕಂಡುಕೊಂಡೆವು. ವೈರ್‌ಗಾರ್ಡ್ ಎಂಬ ಸುರಂಗದ ತಂತ್ರಾಂಶವೊಂದಿದೆ. ೨೦೨೦ರಲ್ಲಿ ಅದು ಲಿನಕ್ಸಿನ ತಿರುಳಿನೊಳಕ್ಕೇ ಸೇರಿತು. ಗೆಳೆಯನ ಮನೆಯ ಯಂತ್ರ ತಾನಾಗಿ ಹೊರಟು ನಮ್ಮ ಮನೆಯ ಯಂತ್ರವನ್ನು ಹೆಸರು ಹಿಡಿದು ಕರೆಯುತ್ತದೆ. ದಾರಿ ಮುಚ್ಚಿಹೋಗದಂತೆ ೨೫ ಸೆಕೆಂಡಿಗೊಮ್ಮೆ ಒಂದು ಸಣ್ಣ ಸದ್ದು ಮಾಡುತ್ತಿರುತ್ತದೆ. ಅವನು ಹಾಸ್ಟೆಲಿನಿಂದ ನಮ್ಮ ಮನೆಗೆ ಬಂದು, ಅಲ್ಲಿಂದ ತನ್ನ ಮನೆಗೆ ಹೋಗುತ್ತಾನೆ. ಒಂದು ತೊಡಕು ಇತ್ತು: ವೈರ್‌ಗಾರ್ಡ್ ಹೆಸರನ್ನು ಆರಂಭದಲ್ಲಿ ಒಮ್ಮೆ ವಿಚಾರಿಸಿ, ಆಮೇಲೆ ಅಂಕಿಯನ್ನೇ ನೆಚ್ಚಿ ಕುಳಿತಿರುತ್ತದೆ. ನಮ್ಮ ಮನೆಯ ಅಂಕಿ ಬದಲಾದೊಡನೆ ಸುರಂಗ ಕುರುಡಾಗುತ್ತಿತ್ತು. ಕೆಲವು ನಿಮಿಷಗಳಿಗೊಮ್ಮೆ ಹೆಸರನ್ನು ಮತ್ತೆ ವಿಚಾರಿಸುವ ನಾಲ್ಕು ಸಾಲಿನ ಆಜ್ಞೆಯನ್ನು ಬರೆದಮೇಲೆ ಅದೂ ಸರಿಹೋಯಿತು. ಯಂತ್ರವೂ ನನ್ನಂತೆಯೇ ಅಂಕಿಯನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ನಂಬಿತ್ತೆಂದು ನಾವಿಬ್ಬರೂ ನಕ್ಕೆವು.

ಮೂಲದ ಕಾಯಿಲೆಗೆ ಮದ್ದು ಇಲ್ಲವೆಂದಲ್ಲ. ಐ.ಪಿ. ಆರನೆಯ ಆವೃತ್ತಿಯ ಮೊದಲ ನಿಯಮಗಳು ೧೯೯೫ರಲ್ಲಿಯೇ ಅಚ್ಚಾದುವು. ಅದರಲ್ಲಿ ವಿಳಾಸಕ್ಕೆ ೧೨೮ ಬಿಟ್ಟುಗಳು; ಒಟ್ಟು ವಿಳಾಸಗಳನ್ನು ಬರೆಯಲು ೩೯ ಅಂಕಿಗಳು ಬೇಕು. ಒಂದು ಮನೆಗೆ ಸಾಮಾನ್ಯವಾಗಿ ಕೊಡುವ ಅತಿ ಚಿಕ್ಕ ಪಾಲಿನಲ್ಲಿಯೇ ಇರುವ ವಿಳಾಸಗಳ ಸಂಖ್ಯೆ ೨೦ ಅಂಕಿಗಳಷ್ಟು ಉದ್ದ. ೨೦೧೬ರಿಂದೀಚೆಗೆ ಮೊಬೈಲ್ ಜಾಲಗಳು ಇದನ್ನು ವ್ಯಾಪಕವಾಗಿ ಬಳಸಿದ್ದರಿಂದ ಭಾರತ ಇಂದು ಇದರ ಬಳಕೆಯಲ್ಲಿ ಲೋಕದ ಮುಂಚೂಣಿಯ ದೇಶಗಳಲ್ಲಿ ಒಂದು. ಇದು ಹೆಮ್ಮೆಯ ವಿಷಯವೇ. ಆದರೆ ಇದರಲ್ಲಿಯೂ ಮನೆಗೆ ಕೊಟ್ಟ ಪಾಲನ್ನು ಆಗಾಗ ಬದಲಾಯಿಸುವ ಪದ್ಧತಿ ಎಷ್ಟೋ ಕಡೆ ಉಳಿದಿದೆ. ಹಿಂದೆ ಬರವಿತ್ತು, ಬದಲಾಯಿಸಿದರು, ಸರಿ. ಸಮುದ್ರವೇ ಮುಂದಿರುವಾಗ ಬೊಗಸೆ ನೀರನ್ನು ಹಿಂದಕ್ಕೆ ಕೇಳುವುದೇಕೆ?

ಬಾಗಿಲಿನ ಮಾತು ಬಂದಮೇಲೆ ಬೀಗದ ಮಾತನ್ನು ಬಿಡುವಂತಿಲ್ಲ. ಆರಂಭದಲ್ಲಿ ನಾನು ಸರ್ವರಿನ ಬಾಗಿಲನ್ನು ಲೋಕಕ್ಕೆಲ್ಲ ತೆರೆದಿಟ್ಟು ಬಂದದ್ದು ದಡ್ಡತನವೆಂದು ಈಗ ಒಪ್ಪಿಕೊಳ್ಳುತ್ತೇನೆ. ೨೦೧೬ರಲ್ಲಿ ಮಿರಾಯಿ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಯಜಮಾನರು ಬದಲಾಯಿಸದೆ ಬಿಟ್ಟಿದ್ದ ಕ್ಯಾಮೆರಾಗಳನ್ನೂ ರೂಟರುಗಳನ್ನೂ ಹೊಕ್ಕು ಸೈನ್ಯ ಕಟ್ಟಿತು. ಆ ವರ್ಷದ ಅಕ್ಟೋಬರ್ ೨೧ರಂದು ಅದರ ದಾಳಿಗೆ ಗುರಿಯಾದದ್ದು ಮೇಲೆ ಹೇಳಿದ ಡೈನ್ ಸಂಸ್ಥೆಯೇ. ಹೆಸರುಗಳನ್ನು ತಿಳಿಸುವವರೇ ಮೂಕರಾದ್ದರಿಂದ, ತಾವು ಕೆಡದೆ ಇದ್ದ ದೊಡ್ಡ ದೊಡ್ಡ ತಾಣಗಳೂ ಅಂದು ಅಮೆರಿಕದಲ್ಲಿ ಕಾಣದಾದುವು. ನಮ್ಮ ಮನೆಯ ಪುಟ್ಟ ಪೆಟ್ಟಿಗೆ ಯಾರದೋ ಕೇಡಿಗೆ ಕಾಲಾಳಾಗಬಾರದು. ಈಗ ನಮ್ಮ ಮನೆಯಲ್ಲಿ ಹೊರಗೆ ತೆರೆದಿರುವುದು ವೈರ್‌ಗಾರ್ಡಿನ ಬಾಗಿಲೊಂದೇ. ಕೀಲಿಯಿಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಹಾಡುಗಳಿರುವುದು ಅದರೊಳಗಣ ಕೋಣೆಯಲ್ಲಿ.

ನಮ್ಮ ಅಧ್ಯಾಪಕರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕು, "ಇಷ್ಟು ಪಾಡು ಏಕಯ್ಯ? ಯಾವುದಾದರೂ ದೊಡ್ಡ ಸಂಸ್ಥೆಯ ಕ್ಲೌಡಿನಲ್ಲಿ ಹಾಕಿದರೆ ಎಲ್ಲಿಂದ ಬೇಕಾದರೂ ಕೇಳಬಹುದಲ್ಲ" ಎಂದರು. ಮಾತು ಸುಳ್ಳಲ್ಲ. ಮನೆಗೆ ಸಿಡಿಲು ಬಡಿದರೆ ಲ್ಯಾಪ್‌ಟಾಪೂ ಹಾಡೂ ಒಟ್ಟಿಗೆ ಹೋದಾವು. ಆದ್ದರಿಂದ ಒಂದು ಪ್ರತಿಯನ್ನು ಬೇರೆಡೆಯೂ ಇಟ್ಟಿದ್ದೇನೆ. ಆದರೆ ಇರುವ ಒಂದೇ ಪ್ರತಿಯನ್ನು ಬಾಡಿಗೆಯ ಕಣಜದಲ್ಲಿಟ್ಟು, ಬಾಡಿಗೆ ತಪ್ಪಿದ ತಿಂಗಳು ಅಜ್ಜಿಯ ದನಿ ಇರುತ್ತದೋ ಇಲ್ಲವೋ ಎಂದು ಅಂಜುವುದು ನನಗೆ ಹಿಡಿಸುವುದಿಲ್ಲ. ಮತ್ತೊಂದು ಕಾರಣವೂ ಉಂಟು. ಕ್ಲೌಡಿನಲ್ಲಿ ಹಾಕಿದ್ದರೆ ವಿಳಾಸವೆಂದರೇನು, ಅದು ಯಾರದು, ಏಕೆ ಬದಲಾಗುತ್ತದೆ ಎಂಬುದು ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಕಲಾ ವಿಭಾಗದ ವಿದ್ಯಾರ್ಥಿಗೆ ಇದೆಲ್ಲ ಏತಕ್ಕೆ ಎನ್ನುವವರಿಗೆ ನಾನು ಹೇಳುವುದಿಷ್ಟೆ: ನಾವು ರಾಜ್ಯಶಾಸ್ತ್ರದಲ್ಲಿ ಪೌರನ ಹಕ್ಕುಗಳನ್ನು ಓದುತ್ತೇವೆ. ತನ್ನ ಮನೆಯನ್ನು ತಾನು ಹುಡುಕಿಕೊಳ್ಳುವಂತಿರುವುದು ಇಂದಿನ ಪೌರನಿಗೆ ಚಿಕ್ಕ ಹಕ್ಕೇನಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮೂರು ಮಾತಿನಲ್ಲಿ ಹೇಳುತ್ತೇನೆ. ಒಂದು, ಸಂಪರ್ಕವನ್ನು ಮಾರುವವರು ಕೊಡುವ ವಿಳಾಸ ಸ್ವತಂತ್ರದ್ದೋ ವಠಾರದ್ದೋ ಎಂಬುದನ್ನು ಹಣ ಪಡೆಯುವ ಮೊದಲೇ ಹೇಳಬೇಕು. ವೇಗವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವವರು ಇದನ್ನು ಸಣ್ಣ ಅಕ್ಷರದಲ್ಲಾದರೂ ಹಾಕಲಿ. ಎರಡು, ಆರನೆಯ ಆವೃತ್ತಿಯ ವಿಳಾಸದ ಪಾಲನ್ನು ಪ್ರತಿ ಮನೆಗೂ ಬದಲಾಗದಂತೆ ಕೊಡಬೇಕು. ಮೂರು, ಅದು ಆಗುವವರೆಗೂ, ಆದಮೇಲೂ, ನಾವು ಅಂಕಿಯನ್ನು ನೆಚ್ಚದೆ ಸ್ವಂತ ಹೆಸರನ್ನಿಟ್ಟುಕೊಳ್ಳಬೇಕು. ಮೊದಲೆರಡು ನಮ್ಮ ಕೈಯಲ್ಲಿಲ್ಲ, ಮೂರನೆಯದು ಇದೆ. ನಮ್ಮ ಕಾಲೇಜಿನಲ್ಲಿಯೇ ಎಷ್ಟು ಜನರ ಮನೆಯಲ್ಲಿ ಅಟ್ಟದ ಮೇಲೆ ಕ್ಯಾಸೆಟ್ಟುಗಳಿಲ್ಲ? ತಾಳಮದ್ದಳೆಯದು, ಹರಿಕಥೆಯದು, ಮದುವೆಯದು, ಸತ್ತುಹೋದ ಮಾವನ ನಗುವಿನದು? ಬೂಷ್ಟು ಹಿಡಿಯುವ ಮುನ್ನ ಅವನ್ನು ಇಳಿಸೋಣ. ಬರುವ ವರ್ಷ ಒಂದು ಶನಿವಾರ ನಮ್ಮ ಪ್ರಯೋಗಾಲಯದ ಬಾಗಿಲನ್ನು ತೆರೆದುಕೊಟ್ಟರೆ, ನನಗೆ ಗೊತ್ತಿರುವಷ್ಟನ್ನು ಗೆಳೆಯರಿಗೆ ತೋರಿಸಲು ನಾನೂ ನನ್ನ ಕೋಣೆಯ ಗೆಳೆಯನೂ ಸಿದ್ಧರಿದ್ದೇವೆ. ಪ್ರಾಂಶುಪಾಲರು ದಯವಿಟ್ಟು ಇದನ್ನು ಅರ್ಜಿಯೆಂದೇ ತ��ಳಿಯಬೇಕಾಗಿ ಪ್ರಾರ್ಥನೆ.

ಇದನ್ನು ಬರೆಯುವ ಹೊತ್ತಿಗೆ ಊರಿನಲ್ಲಿ ಮತ್ತೆ ಕರೆಂಟು ಹೋಗಿ ಬಂದಿದೆಯೆಂದು ತಾಯಿ ತಿಳಿಸಿದರು. ಅಂಕಿ ಬದಲಾಗಿರಬಹುದು, ನಾನು ನೋಡಲಿಲ್ಲ. ಮನೆಯ ಹೆಸರನ್ನು ಒತ್ತಿದೆ, ತೆರೆಯಿತು. ತಾಯಿ ಈಗ ಸಂಜೆಯ ಹೊತ್ತು ಆ ಜೋಗುಳವನ್ನು ಹಾಕಿಕೊಂಡು ಮರೆತ ನುಡಿಗಳನ್ನು ಕಲಿಯುತ್ತಿದ್ದಾರೆ. ಮೂರನೆಯ ನುಡಿ ಬಾಯಿಗೆ ಬಂದಿದೆಯಂತೆ. ನಾಲ್ಕನೆಯದರಲ್ಲಿ ಒಂದು ಮಾತು ಮಾತ್ರ, ದನದ ಗಂಟೆಯ ಸದ್ದಿನಲ್ಲಿ ಸರಿಯಾಗಿ ಕೇಳುವುದಿಲ್ಲವಂತೆ.